ಹಳೆ ದೋಣಿಗೆ ಹೊಸ ಕಾಲು: ಸ್ಟರ್ನ್‌ಡ್ರೈವ್ ಬದಲಿಸುವ ಲೆಕ್ಕಾಚಾರ

ತಮಿಳುನಾಡಿನ ತೇನಿ ಜಿಲ್ಲೆಯ ಬೋಡಿನಾಯಕನೂರಿನಲ್ಲಿ ಬೆಳಗಾಯಿತೆಂದರೆ ಜೀಪುಗಳ ಸದ್ದು. ಘಟ್ಟದ ಮೇಲಿನ ಏಲಕ್ಕಿ ತೋಟಗಳಿಗೆ ಕೆಲಸಕ್ಕೆ ಹೋಗುವವರನ್ನು ತುಂಬಿಕೊಂಡು ಅವು ಒಂದರ ಹಿಂದೊಂದು ಹತ್ತುತ್ತವೆ. ತಿರುವಿನ ಮೇಲೆ ತಿರುವು, ಏರಿನ ಮೇಲೆ ಏರು. ಘಟ್ಟದ ನೆತ್ತಿಯಲ್ಲಿ ಬೋಡಿಮೆಟ್ಟು. ಅಲ್ಲಿಗೆ ತಮಿಳುನಾಡು ಮುಗಿದು ಕೇರಳ ಶುರು. ಈ ಕಡೆ ನಮಗೆ ಪೂರ್ತಿ ಪರಕೀಯವೇನೂ ಅಲ್ಲ. ಬೋಡಿ, ಕಂಬಂ ಕಣಿವೆಯ ಊರುಗಳಲ್ಲಿ ತಲೆಮಾರುಗಳಿಂದ ಮನೆಯಲ್ಲಿ ಕನ್ನಡ ಆಡುವ ಕುಟುಂಬಗಳಿವೆ.

ಆ ಜೀಪಿನ ಚಾಲಕರು ಕಡಿದಾದ ಏರು ಬಂದ ಕೂಡಲೇ ಏನು ಮಾಡುತ್ತಾರೆ? ಗೇರ್ ಇಳಿಸುತ್ತಾರೆ. ಎಂಜಿನ್ ಜೋರಾಗಿ ತಿರುಗುತ್ತದೆ, ಚಕ್ರ ನಿಧಾನವಾಗಿ ತಿರುಗುತ್ತದೆ, ಆದರೆ ಎಳೆತ ಹೆಚ್ಚುತ್ತದೆ. ಇದು ನಿಮಗೆಲ್ಲ ಗೊತ್ತಿರುವ ವಿಷಯ. ಈಗ ಬೋಡಿಮೆಟ್ಟು ದಾಟಿ ಮುನ್ನಾರ್ ದಾರಿಯಲ್ಲಿ ಮುಂದೆ ಹೋಗೋಣ. ಆನೆಯಿರಂಗಲ್, ಮಾಟ್ಟುಪೆಟ್ಟಿ ಅಣೆಕಟ್ಟುಗಳ ಜಲಾಶಯಗಳು ಸಿಗುತ್ತವೆ. ಕಂಬಂ ಕಡೆಯಿಂದ ಕುಮಿಳಿಗೆ ಹತ್ತಿದರೆ ತೇಕ್ಕಡಿಯ ಪೆರಿಯಾರ್ ಸರೋವರ. ಇಂಥ ನೀರಿನಲ್ಲಿ ಮೋಟಾರು ದೋಣಿ ಸುಯ್ಯನೆ ಹೋಗುವುದನ್ನು ನೋಡುತ್ತಾ ನಿಂತಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ದೋಣಿಗೆ ಗೇರ್ ಎಲ್ಲಿದೆ? ಎಂಜಿನ್ ಒಳಗಿದ್ದರೆ ನೀರಿನೊಳಗಿನ ಪ್ರೊಪೆಲ್ಲರ್ ತಿರುಗುವುದು ಹೇಗೆ? ಹಳೆಯದಾದ ವೇಗದ ದೋಣಿಗೆ ಇನ್ನೂ ದೊಡ್ಡ ಎಂಜಿನ್ ಹಾಕ್ಬಿಟ್ರೆ ಏನಾಗತ್ತೆ?

ಕೊನೆಯ ಪ್ರಶ್ನೆ ಬರೀ ಯಂತ್ರದ್ದಲ್ಲ. ಅದರಲ್ಲಿ ಹಣವೂ ಇದೆ, ಜೀವವೂ ಇದೆ. ಒಂದೊಂದಾಗಿ ನೋಡೋಣ.

ಎಂಜಿನ್ ಎಲ್ಲಿ ಕೂರಬೇಕು?

ಮೋಟಾರು ದೋಣಿಗಳಲ್ಲಿ ಎಂಜಿನ್ ಕೂರಿಸುವುದಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು ಔಟ್‌ಬೋರ್ಡ್. ಉಡುಪಿ, ಮಂಗಳೂರು, ಕಾರವಾರ ಕಡೆಯ ಮಕ್ಕಳಿಗೆ ಇದು ಚೆನ್ನಾಗಿ ಗೊತ್ತು. ನಾಡದೋಣಿಯ ಹಿಂದೆ ನೇತುಹಾಕುವ ಸೀಮೆಎಣ್ಣೆ ಎಂಜಿನ್ ಇದೇ. ಎಂಜಿನ್, ಗೇರ್, ಪ್ರೊಪೆಲ್ಲರ್ ಮೂರೂ ಒಂದೇ ಮೂಟೆ. ಕೆಟ್ಟರೆ ಬಿಚ್ಚಿ ಹೊತ್ತೊಯ್ಯಬಹುದು.

ಎರಡನೆಯದು ಇನ್‌ಬೋರ್ಡ್. ಮಲ್ಪೆ ಬಂದರಿನ ಆಳಸಮುದ್ರದ ಬೋಟುಗಳಲ್ಲಿ ಡೀಸೆಲ್ ಎಂಜಿನ್ ಹೊಟ್ಟೆಯೊಳಗೆ ಕೂತಿರುತ್ತದೆ. ಅಲ್ಲಿಂದ ಒಂದು ಉದ್ದನೆಯ ಕಬ್ಬಿಣದ ದಂಡ ತಳದ ಮೂಲಕ ಹೊರಗೆ ಹೋಗಿ ಪ್ರೊಪೆಲ್ಲರನ್ನು ತಿರುಗಿಸುತ್ತದೆ. ದಿಕ್ಕು ತಿರುಗಿಸಲು ಹಿಂದೆ ಬೇರೆಯೇ ಒಂದು ಚುಕ್ಕಾಣಿ ಇರುತ್ತದೆ.

ಮೂರನೆಯದು ಈ ಎರಡರ ಮಿಶ್ರಣ. ಅದೇ ಸ್ಟರ್ನ್‌ಡ್ರೈವ್. ಇಂಗ್ಲಿಷಿನಲ್ಲಿ ಸ್ಟರ್ನ್ ಎಂದರೆ ದೋಣಿಯ ಹಿಂಬದಿ. ಎಂಜಿನ್ ದೋಣಿಯೊಳಗೆ, ಹಿಂಬದಿಯ ಗೋಡೆಗೆ ಒತ್ತಿಕೊಂಡಂತೆ ಕೂರುತ್ತದೆ. ಆ ಗೋಡೆಗೆ ಟ್ರಾನ್ಸಮ್ ಎನ್ನುತ್ತಾರೆ. ಗೋಡೆಯ ಹೊರಗೆ ಒಂದು ಕಾಲಿನಂಥ ಭಾಗ ನೀರಿಗೆ ಇಳಿಬಿದ್ದಿರುತ್ತದೆ. ಗೇರ್‌ಗಳು ಈ ಕಾಲಿನೊಳಗೆ, ಪ್ರೊಪೆಲ್ಲರ್ ಪಾದದ ತುದಿಯಲ್ಲಿ.

ಈ ಕಾಲನ್ನು ವ್ಯಾಪಾರಕ್ಕೆ ತಂದದ್ದು ಸ್ವೀಡನ್ನಿನ ವೋಲ್ವೊ ಪೆಂಟಾ, 1959ರಲ್ಲಿ. ಹೆಸರು ಅಕ್ವಾಮ್ಯಾಟಿಕ್. ಅದರ ಹಿಂದಿದ್ದ ಕಲ್ಪನೆ ಜಿಮ್ ವಿನ್ ಎಂಬ ಅಮೆರಿಕದ ಎಂಜಿನಿಯರ್‌ದು. ಎರಡು ವರ್ಷದೊಳಗೆ, 1961ರಲ್ಲಿ, ಅಮೆರಿಕದ ಮರ್ಕ್ಯುರಿ ಕಂಪನಿ ತನ್ನ ಮರ್‌ಕ್ರೂಸರ್ ತಂದಿತು. ಕಾರಿನ ಎಂಜಿನ್ನಿನಂಥ ದೊಡ್ಡ ಎಂಜಿನ್ನನ್ನು ಸಣ್ಣ ದೋಣಿಯಲ್ಲಿ ಬಳಸುವುದು ಇದರಿಂದ ಸುಲಭವಾಯಿತು. ಮುಂದಿನ ದಶಕಗಳಲ್ಲಿ ವೇಗದ ದೋಣಿಗಳೆಂದರೆ ಬಹಳಷ್ಟು ಸ್ಟರ್ನ್‌ಡ್ರೈವ್ ದೋಣಿಗಳೇ. ಹಾಗೆ ಬಂದವುಗಳಲ್ಲಿ ಎಷ್ಟೋ ದೋಣಿಗಳ ಒಡಲು ಇವತ್ತಿಗೂ ಗಟ್ಟಿಯಿದೆ, ಆದರೆ ಕಾಲು ಸೋತಿದೆ. ಬದಲಿಸುವ ಪ್ರಶ್ನೆ ಹುಟ್ಟುವುದೇ ಅಲ್ಲಿ.

ಕಾಲಿನೊಳಗೆ ಏನಿದೆ?

ಎಂಜಿನ್ನಿನ ಶಕ್ತಿ ಹೋಗುವ ದಾರಿಯನ್ನು ಬೆರಳಿಟ್ಟು ಹಿಂಬಾಲಿಸೋಣ. ಎಂಜಿನ್ ದಂಡ ಅಡ್ಡಡ್ಡ ಮಲಗಿದೆ. ಅದು ಟ್ರಾನ್ಸಮ್ ದಾಟುವಲ್ಲಿ ಒಂದು ಯೂನಿವರ್ಸಲ್ ಜಾಯಿಂಟ್ ಇದೆ. ಲಾರಿಯ ಕೆಳಗೆ ಬಗ್ಗಿ ನೋಡಿದರೆ ಹಿಂದಿನ ಚಕ್ರಕ್ಕೆ ಹೋಗುವ ದಂಡದಲ್ಲಿ ಇಂಥದೇ ಕೀಲು ಕಾಣುತ್ತದೆ. ಕಾಲು ಎಡಬಲಕ್ಕೆ ತಿರುಗಿದರೂ, ಮೇಲೆ ಕೆಳಗೆ ಬಾಗಿದರೂ ಶಕ್ತಿ ಸಾಗುತ್ತಲೇ ಇರಬೇಕಲ್ಲ, ಅದಕ್ಕಾಗಿ ಈ ಕೀಲು.

ಅಲ್ಲಿಂದ ಮುಂದೆ ಎರಡು ಬೆವೆಲ್ ಗೇರ್‌ಗಳು. ಓರೆ ಹಲ್ಲಿನ ಈ ಗೇರ್‌ಗಳು ತಿರುಗುವಿಕೆಯನ್ನು 90 ಡಿಗ್ರಿ ಬಾಗಿಸುತ್ತವೆ. ಶಕ್ತಿ ನೆಟ್ಟಗೆ ಕೆಳಗೆ ಇಳಿಯುತ್ತದೆ. ಪಾದದಲ್ಲಿ ಮತ್ತೆ ಬೆವೆಲ್ ಗೇರ್, ಮತ್ತೆ 90 ಡಿಗ್ರಿ. ಶಕ್ತಿ ಪುನಃ ಅಡ್ಡ ದಿಕ್ಕಿಗೆ ಬಂದು ಪ್ರೊಪೆಲ್ಲರ್ ತಲುಪುತ್ತದೆ. ಪ್ರೊಪೆಲ್ಲರ್ ನೀರನ್ನು ಹಿಂದಕ್ಕೆ ತಳ್ಳುತ್ತದೆ, ನೀರು ದೋಣಿಯನ್ನು ಮುಂದಕ್ಕೆ ತಳ್ಳುತ್ತದೆ. ನ್ಯೂಟನ್ನನ ಮೂರನೇ ನಿಯಮ!

ಇಲ್ಲಿ ಬೇರೆ ಚುಕ್ಕಾಣಿ ಬೇಕಿಲ್ಲ. ಇಡೀ ಕಾಲೇ ಎಡಕ್ಕೋ ಬಲಕ್ಕೋ ತಿರುಗುತ್ತದೆ, ತಳ್ಳುವ ದಿಕ್ಕೇ ಬದಲಾಗುತ್ತದೆ. ಇದರಲ್ಲೊಂದು ಎಚ್ಚರಿಕೆಯೂ ಅಡಗಿದೆ. ಎದುರಿಗೆ ಏನೋ ಅಡ್ಡ ಬಂತೆಂದು ಗಾಬರಿಯಲ್ಲಿ ಎಂಜಿನ್ ವೇಗವನ್ನು ಪೂರ್ತಿ ಇಳಿಸಿದರೆ ತಳ್ಳುವಿಕೆ ಹೋಗುತ್ತದೆ, ಅದರ ಜತೆಗೆ ತಿರುಗಿಸುವ ಹಿಡಿತವೂ ಬಹುಪಾಲು ಹೋಗುತ್ತದೆ. ರಸ್ತೆಯ ವಾಹನದ ಅಭ್ಯಾಸ ನೀರಿನಲ್ಲಿ ಕೈಕೊಡುವುದು ಹೀಗೆ.

ಕಾಲನ್ನು ಮೇಲೆತ್ತಲು ಎರಡು ಹೈಡ್ರಾಲಿಕ್ ಕೊಳವೆಗಳಿರುತ್ತವೆ. ಆಳವಿಲ್ಲದ ಕಡೆ ಕಾಲನ್ನು ಎತ್ತಿಬಿಡಬಹುದು. ಓಡುವಾಗ ಅದರ ಕೋನವನ್ನು ಸ್ವಲ್ಪ ಬದಲಿಸಿದರೆ ದೋಣಿಯ ಮೂಗು ಏರುತ್ತದೆ ಅಥವಾ ಇಳಿಯುತ್ತದೆ.

ಹಲ್ಲು ಮುರಿಯುವುದು ಯಾಕೆ?

ಒಂದು ಲೆಕ್ಕಕ್ಕಾಗಿ ಒಬ್ಬ ದೋಣಿ ಮಾಲೀಕರನ್ನು ಕಲ್ಪಿಸಿಕೊಳ್ಳೋಣ. ಅವರ ಹಳೆಯ ದೋಣಿಯ ಎಂಜಿನ್ 300 ಅಶ್ವಶಕ್ತಿಯದು. ಪೂರ್ಣ ವೇಗದಲ್ಲಿ ಅದು ನಿಮಿಷಕ್ಕೆ 4800 ಸುತ್ತು ತಿರುಗುತ್ತದೆ. ದೋಣಿ ಗಂಟೆಗೆ 80 ಕಿಲೋಮೀಟರ್ ಓಡುತ್ತದೆ. ಈಗ ಅವರು 420 ಅಶ್ವಶಕ್ತಿಯ ಎಂಜಿನ್ ಹಾಕಿಸಬೇಕೆಂದಿದ್ದಾರೆ. ಹಳೆಯ ಕಾಲೇ ಸಾಕು ಅನ್ನುತ್ತಾರೆ. ಸಾಕೇ?

ಗೇರಿನ ಹಲ್ಲನ್ನು ಮುರಿಯುವುದು ಟಾರ್ಕ್, ಅಂದರೆ ತಿರುಚುವ ಬಲ. ಸಾಮರ್ಥ್ಯವನ್ನು ತಿರುಗುವ ವೇಗದಿಂದ ಭಾಗಿಸಿದರೆ ಟಾರ್ಕ್ ಸಿಗುತ್ತದೆ.

ಒಂದು ಅಶ್ವಶಕ್ತಿ = 746 ವ್ಯಾಟ್. ಹಾಗಾದರೆ 300 ಅಶ್ವಶಕ್ತಿ = 2,23,800 ವ್ಯಾಟ್.
ನಿಮಿಷಕ್ಕೆ 4800 ಸುತ್ತು = ಸೆಕೆಂಡಿಗೆ 80 ಸುತ್ತು. ಒಂದು ಸುತ್ತಿಗೆ 2π, ಅಂದರೆ ಸುಮಾರು 6.28 ರೇಡಿಯನ್. ಆದ್ದರಿಂದ ಸೆಕೆಂಡಿಗೆ ಸುಮಾರು 503 ರೇಡಿಯನ್.
ಟಾರ್ಕ್ = 2,23,800 ÷ 503 = ಸುಮಾರು 445 ನ್ಯೂಟನ್-ಮೀಟರ್.

ಅದೇ ವೇಗದಲ್ಲಿ 420 ಅಶ್ವಶಕ್ತಿಗೆ ಲೆಕ್ಕ ಹಾಕಿದರೆ ಸುಮಾರು 623 ನ್ಯೂಟನ್-ಮೀಟರ್ ಬರುತ್ತದೆ.

ಕಾಲಿನ ಗೇರ್ ಅನುಪಾತ 1.5 ಎಂದಿಟ್ಟುಕೊಳ್ಳಿ. ಎಂಜಿನ್ ಮೂರು ಸುತ್ತು ತಿರುಗಿದಾಗ ಪ್ರೊಪೆಲ್ಲರ್ ಎರಡು ಸುತ್ತು. ವೇಗ ಇಳಿಯುತ್ತದೆ, ಟಾರ್ಕ್ ಏರುತ್ತದೆ, ಬೋಡಿಯ ಜೀಪಿನ ಹಾಗೇ. ಘರ್ಷಣೆಯ ನಷ್ಟ ಬಿಟ್ಟರೆ ಪ್ರೊಪೆಲ್ಲರ್ ದಂಡದಲ್ಲಿ ಮೊದಲು 668 ನ್ಯೂಟನ್-ಮೀಟರ್ ಇದ್ದದ್ದು ಈಗ 935 ಆಯಿತು. ಹಲ್ಲಿನ ಗಾತ್ರ ಮಾತ್ರ ಮೊದಲಿನಷ್ಟೇ. ಒಂದೊಂದು ಹಲ್ಲಿನ ಮೇಲೂ ಶೇ. 40ರಷ್ಟು ಹೆಚ್ಚು ಒತ್ತಡ.

ಇನ್ನೂ ಕೆಟ್ಟ ಗಳಿಗೆಯೊಂದಿದೆ. ವೇಗದ ದೋಣಿ ಅಲೆಯ ಮೇಲೆ ಹಾರಿದಾಗ ಪ್ರೊಪೆಲ್ಲರ್ ನೀರಿನಿಂದ ಹೊರಬರುತ್ತದೆ. ಗಾಳಿಯಲ್ಲಿ ತಡೆಯಿಲ್ಲ, ಹಾಗಾಗಿ ಎಂಜಿನ್ ತಟ್ಟನೆ ವೇಗ ಹೆಚ್ಚಿಸಿಕೊಳ್ಳುತ್ತದೆ. ಮರುಕ್ಷಣ ಪ್ರೊಪೆಲ್ಲರ್ ನೀರಿಗೆ ಬೀಳುತ್ತದೆ. ಅಷ್ಟು ಜೋರಾಗಿ ತಿರುಗುತ್ತಿದ್ದದ್ದನ್ನು ನೀರು ಒಮ್ಮೆಗೇ ಹಿಡಿದು ತಡೆಯುತ್ತದೆ. ಸುತ್ತಿಗೆ ಹೊಡೆದ ಹಾಗೆ ಆ ಪೆಟ್ಟು ಪ್ರೊಪೆಲ್ಲರಿನಿಂದ ಗೇರಿಗೆ, ಗೇರಿನಿಂದ ಕೀಲಿಗೆ ಹೋಗುತ್ತದೆ. ಲೆಕ್ಕದ ಟಾರ್ಕ್‌ಗಿಂತ ಇಂಥ ಪೆಟ್ಟುಗಳೇ ಹಲ್ಲುಗಳನ್ನು ತಿನ್ನುವುದು ಹೆಚ್ಚು. ಅನುಭವಿ ಚಾಲಕರು ಹಾರುವ ಮೊದಲೇ ವೇಗ ಇಳಿಸುವುದು ಇದಕ್ಕೇ.

ಹೀಗಾಗಿ ತಯಾರಕರು ಬೇರೆ ಬೇರೆ ಬಲದ ಕಾಲುಗಳನ್ನು ಮಾಡುತ್ತಾರೆ. ಮರ್‌ಕ್ರೂಸರ್‌ನಲ್ಲಿ ಆಲ್ಫಾ ಎಂಬ ಕಾಲು ಸುಮಾರು 300 ಅಶ್ವಶಕ್ತಿಯ ಒಳಗಿನ ಎಂಜಿನ್‌ಗಳಿಗೆ. ಅದಕ್ಕಿಂತ ದೊಡ್ಡ ಎಂಜಿನ್‌ಗಳಿಗೆ ಬ್ರಾವೊ. ಬ್ರಾವೊದಲ್ಲೂ ಮೂರು ಬಗೆ: ಬ್ರಾವೊ ಒನ್ ವೇಗಕ್ಕೆ, ಬ್ರಾವೊ ಟೂಗೆ ದೊಡ್ಡ ವ್ಯಾಸದ ಪ್ರೊಪೆಲ್ಲರ್, ಭಾರದ ದೋಣಿಗಳಿಗೆ, ಬ್ರಾವೊ ತ್ರೀಯಲ್ಲಿ ಒಂದರ ಹಿಂದೊಂದು ಎರಡು ಪ್ರೊಪೆಲ್ಲರ್, ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ತಿರುಗುತ್ತವೆ. ಈ ಜೋಡಿ ಪ್ರೊಪೆಲ್ಲರ್ ಉಪಾಯವನ್ನು ಸ್ಟರ್ನ್‌ಡ್ರೈವಿಗೆ ಮೊದಲು ತಂದದ್ದು ವೋಲ್ವೊ ಪೆಂಟಾ, 1982ರಲ್ಲಿ, ಡ್ಯುಯೊಪ್ರಾಪ್ ಎಂಬ ಹೆಸರಿನಲ್ಲಿ. ಒಂದೇ ಪ್ರೊಪೆಲ್ಲರ್ ಇದ್ದಾಗ ಅದು ನೀರನ್ನು ಹಿಂದಕ್ಕೆ ತಳ್ಳುವುದರ ಜತೆಗೆ ಸುರುಳಿಯಾಗಿಯೂ ತಿರುಗಿಸಿಬಿಡುತ್ತದೆ. ಆ ಸುರುಳಿಯ ಶಕ್ತಿ ವ್ಯರ್ಥ. ಎರಡನೇ ಪ್ರೊಪೆಲ್ಲರ್ ವಿರುದ್ಧವಾಗಿ ತಿರುಗಿ ಆ ಸುರುಳಿಯನ್ನು ಬಿಡಿಸುತ್ತದೆ. ದೋಣಿ ಒಂದು ಬದಿಗೆ ಎಳೆಯುವುದೂ ಕಡಿಮೆ. ಆದರೆ ನೀರಿನೊಳಗೆ ಉಜ್ಜಾಡುವ ಭಾಗಗಳು ಹೆಚ್ಚಾದವಲ್ಲ, ಅತಿ ವೇಗದಲ್ಲಿ ಅದೇ ತಡೆಯಾಗುತ್ತದೆ. ಅದಕ್ಕೇ ಬರೀ ವೇಗವೇ ಗುರಿಯಾದಾಗ ಒಂಟಿ ಪ್ರೊಪೆಲ್ಲರಿಗೆ ಮೊರೆಹೋಗುತ್ತಾರೆ.

ನಮ್ಮ ಮಾಲೀಕರಿಗೆ ಉತ್ತರ ಸಿಕ್ಕಿತು: ಆಲ್ಫಾದಂಥ ಕಾಲಿದ್ದರೆ ಅದು 420 ಅಶ್ವಶಕ್ತಿಗೆ ತಕ್ಕದ್ದಲ್ಲ. ಕಾಲು ಬದಲಾಗಬೇಕು. ಆಲ್ಫಾ ಕಳಚಿ ಬ್ರಾವೊ ಸಿಕ್ಕಿಸಿದರೆ ಆಯ್ತು ಅಂತಲೂ ಇಲ್ಲ. ಅದನ್ನು ಹಿಡಿದುಕೊಳ್ಳುವ ಟ್ರಾನ್ಸಮ್ ಜೋಡಣೆಯೂ ಅದಕ್ಕೆ ಹೊಂದುವಂಥದ್ದೇ ಬೇಕು. ಖರ್ಚಿನ ಪಟ್ಟಿ ಬೆಳೆಯುವುದು ಹೀಗೆ.

ಶಕ್ತಿ ಶೇ. 40 ಹೆಚ್ಚು, ವೇಗ?

ಶಕ್ತಿ ಹೆಚ್ಚಿದಷ್ಟೇ ವೇಗವೂ ಹೆಚ್ಚುತ್ತದೆ ಅಂತ ಅನ್ನಿಸುತ್ತದೆ ಅಲ್ವಾ? ನೀರು ಅಷ್ಟು ಧಾರಾಳಿಯಲ್ಲ. ನೀರಿನ ಮೇಲೆ ಜಾರುತ್ತಾ ಓಡುವ ಇಂಥ ದೋಣಿಗಳಿಗೆ ವಿನ್ಯಾಸಕಾರರು ಬಳಸುವ ಒಂದು ಅಂದಾಜಿನ ಸೂತ್ರವಿದೆ, ಕ್ರೌಚ್ ಸೂತ್ರ ಅಂತ. ಅದರ ಪ್ರಕಾರ ವೇಗವು ಶಕ್ತಿಯನ್ನು ತೂಕದಿಂದ ಭಾಗಿಸಿದಾಗ ಬರುವ ಸಂಖ್ಯೆಯ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ.

ತೂಕ ಅಷ್ಟೇ ಇದ್ದು ಶಕ್ತಿ 1.4 ಪಟ್ಟಾದರೆ ವೇಗ 1.4ರ ವರ್ಗಮೂಲದಷ್ಟು, ಅಂದರೆ ಸುಮಾರು 1.18 ಪಟ್ಟು. ಗಂಟೆಗೆ 80 ಕಿಲೋಮೀಟರ್ ಇದ್ದದ್ದು ಸುಮಾರು 95 ಆಗುತ್ತದೆ. ಶಕ್ತಿ ಶೇ. 40 ಹೆಚ್ಚಿದರೂ ವೇಗ ಹೆಚ್ಚಿದ್ದು ಶೇ. 18 ಮಾತ್ರ. ಹೊಸ ಎಂಜಿನ್ನೂ ಕಾಲೂ ಹಳೆಯವಕ್ಕಿಂತ ಭಾರವಾಗಿದ್ದರೆ ಅದೂ ಸಿಗುವುದಿಲ್ಲ.

ಇಂಧನದ ಲೆಕ್ಕವನ್ನೂ ನೋಡಿ. ಪೂರ್ಣ ವೇಗದಲ್ಲಿ ಗಂಟೆಗೆ ಸುಮಾರು 1.4 ಪಟ್ಟು ಪೆಟ್ರೋಲ್ ಬೇಕು, ಆ ಗಂಟೆಯಲ್ಲಿ ದಾಟುವ ದೂರ 1.18 ಪಟ್ಟು. ಭಾಗಿಸಿದರೆ ಪ್ರತಿ ಕಿಲೋಮೀಟರಿಗೂ ಶೇ. 18ರಷ್ಟು ಹೆಚ್ಚು ಇಂಧನ.

ಪ್ರೊಪೆಲ್ಲರ್ ಎಂಬ ತಿರುಪು

ಪ್ರೊಪೆಲ್ಲರನ್ನು ತಿರುಪುಮೊಳೆಯ ಹಾಗೆ ಯೋಚಿಸಿ. ಮರದಲ್ಲಿ ಮೊಳೆ ಒಂದು ಸುತ್ತಿಗೆ ಇಷ್ಟು ಅಂತ ಒಳಹೋಗುತ್ತದೆ. ಪ್ರೊಪೆಲ್ಲರ್ ಜಾರದೆ ಒಂದು ಸುತ್ತಿಗೆ ಎಷ್ಟು ಮುಂದೆ ಹೋಗಬೇಕೋ ಅದಕ್ಕೆ ಪಿಚ್ ಎನ್ನುತ್ತಾರೆ. ನಮ್ಮ ಕಲ್ಪನೆಯ ದೋಣಿಗೆ 19 ಇಂಚಿನ ಪಿಚ್ ಇದೆ ಎನ್ನೋಣ. ಅಂದರೆ 0.4826 ಮೀಟರ್.

ಎಂಜಿನ್ 4800 ಸುತ್ತು, ಅನುಪಾತ 1.5, ಹಾಗಾಗಿ ಪ್ರೊಪೆಲ್ಲರ್ ನಿಮಿಷಕ್ಕೆ 3200 ಸುತ್ತು, ಸೆಕೆಂಡಿಗೆ 53.3 ಸುತ್ತು. ಗುಣಿಸಿದರೆ ಸೆಕೆಂಡಿಗೆ 25.7 ಮೀಟರ್, ಗಂಟೆಗೆ ಸುಮಾರು 93 ಕಿಲೋಮೀಟರ್. ಆದರೆ ದೋಣಿ ಓಡುತ್ತಿದ್ದದ್ದು 80. ಉಳಿದ 13 ಎಲ್ಲಿ ಹೋಯಿತು? ನೀರು ಮರವಲ್ಲ, ಪ್ರೊಪೆಲ್ಲರ್ ಅದರಲ್ಲಿ ಜಾರುತ್ತದೆ. ಇದಕ್ಕೆ ಸ್ಲಿಪ್ ಎನ್ನುತ್ತಾರೆ. ಇಲ್ಲಿ ಸುಮಾರು ಶೇ. 14. ಸ್ಲಿಪ್ ಪೂರ್ತಿ ಸೊನ್ನೆ ಆಗುವಂತೆಯೂ ಇಲ್ಲ. ನೀರನ್ನು ಹಿಂದಕ್ಕೆ ತಳ್ಳದೆ ಮುಂದಕ್ಕೆ ಹೋಗುವುದು ಹೇಗೆ?

ಹೊಸ ಎಂಜಿನ್ ಹಾಕಿ 95ಕ್ಕೆ ಏರಬೇಕಾದರೆ, ಅಷ್ಟೇ ಸ್ಲಿಪ್ ಇದ್ದರೆ, ಲೆಕ್ಕದ ವೇಗ ಗಂಟೆಗೆ ಸುಮಾರು 110 ಕಿಲೋಮೀಟರ್ ಆಗಬೇಕು. ಸೆಕೆಂಡಿಗೆ 30.6 ಮೀಟರ್. ಅದನ್ನು 53.3ರಿಂದ ಭಾಗಿಸಿದರೆ 0.574 ಮೀಟರ್, ಸುಮಾರು 23 ಇಂಚು. ಹಳೆಯ 19 ಇಂಚಿನ ಪ್ರೊಪೆಲ್ಲರನ್ನೇ ಬಿಟ್ಟರೆ ಎಂಜಿನ್ ತನ್ನ ಮಿತಿ ಮೀರಿ ಜೋರಾಗಿ ತಿರುಗುತ್ತದೆ. ಅಂದರೆ ಎಂಜಿನ್, ಕಾಲು, ಪ್ರೊಪೆಲ್ಲರ್ ಮೂರನ್ನೂ ಒಟ್ಟಿಗೇ ಆರಿಸಬೇಕು. ಒಂದನ್ನು ಮಾತ್ರ ಬದಲಿಸಿದರೆ ಉಳಿದೆರಡು ಜಗಳ ತೆಗೆಯುತ್ತವೆ.

ಘಟ್ಟದ ಮೇಲಿನ ಗಾಳಿ

ಈಗ ಬೋಡಿಮೆಟ್ಟಿನ ಕಡೆಗೆ ವಾಪಸು ಬರೋಣ. ಬಯಲಿನಲ್ಲಿ ಚೆನ್ನಾಗಿ ಓಡುವ ದೋಣಿಯನ್ನು ಲಾರಿಯಲ್ಲಿ ಹೇರಿಕೊಂಡು ಘಟ್ಟದ ಮೇಲಿನ ಕೆರೆಗೆ ಇಳಿಸಿದರೆ ಏನಾಗತ್ತೆ?

ಎತ್ತರ ಹೋದಷ್ಟೂ ಗಾಳಿ ತೆಳು. ಸುಮಾರು 1500 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಶೇ. 86ರಷ್ಟು ಮಾತ್ರ. ಎಂಜಿನ್ ಪ್ರತಿ ಉಸಿರಿಗೂ ಅಷ್ಟು ಕಡಿಮೆ ಆಮ್ಲಜನಕ ಎಳೆದುಕೊಳ್ಳುತ್ತದೆ, ಅಷ್ಟು ಕಡಿಮೆ ಇಂಧನ ಉರಿಸಬಲ್ಲದು. ಗಾಳಿ ತುಂಬಲು ಟರ್ಬೊ ಇಲ್ಲದ 300 ಅಶ್ವಶಕ್ತಿಯ ಎಂಜಿನ್ ಅಲ್ಲಿ ಹೆಚ್ಚುಕಡಿಮೆ 258 ಅಶ್ವಶಕ್ತಿಯದಾಗುತ್ತದೆ. ನೀರು ಮಾತ್ರ ತೆಳುವಾಗಿಲ್ಲ! ಪ್ರೊಪೆಲ್ಲರಿಗೆ ನೀರು ಒಡ್ಡುವ ತಡೆ ಕೆಳಗಿದ್ದಷ್ಟೇ. ಹಾಗಾಗಿ ಎಂಜಿನ್ 4800 ಸುತ್ತು ತಲುಪಲಾಗದೆ ಉಬ್ಬಸ ಪಡುತ್ತದೆ, ದೋಣಿ ನೀರಿನ ಮೇಲೇಳಲು ತಿಣುಕುತ್ತದೆ.

ಪರಿಹಾರ ಜೀಪಿನ ಚಾಲಕರದೇ: ಗೇರ್ ಇಳಿಸು. ದೋಣಿಯಲ್ಲಿ ಅಂದರೆ, ಕಡಿಮೆ ಪಿಚ್ಚಿನ ಪ್ರೊಪೆಲ್ಲರ್, ಇಲ್ಲವೇ 1.5ರ ಬದಲು ಇನ್ನೂ ಹೆಚ್ಚಿನ ಅನುಪಾತದ ಕಾಲು. ಗರಿಷ್ಠ ವೇಗ ಸ್ವಲ್ಪ ಹೋಗುತ್ತದೆ, ಎಂಜಿನ್ ಸಲೀಸಾಗಿ ಉಸಿರಾಡುತ್ತದೆ. ಒಂದೇ ದೋಣಿಗೆ ಮಲ್ಪೆಯಲ್ಲಿ ಒಂದು ಆಯ್ಕೆ ಸರಿಯಾದರೆ ಮಾಟ್ಟುಪೆಟ್ಟಿಯಲ್ಲಿ ಇನ್ನೊಂದು ಸರಿ.

ಕಣ್ಣಿಗೆ ಬೀಳದ ಶತ್ರುಗಳು

ಹಳೆ ದೋಣಿಯಲ್ಲಿ ಹೊಸ ಕಾಲಿಗೆ ದುಡ್ಡು ಸುರಿಯುವ ಮೊದಲು ನೋಡಬೇಕಾದ ಮೂರು ಜಾಗಗಳಿವೆ.

ಒಂದು, ಟ್ರಾನ್ಸಮ್. ಹಳೆಯ ಫೈಬರ್ ದೋಣಿಗಳ ಹಿಂಗೋಡೆಯೊಳಗೆ ಸಾಮಾನ್ಯವಾಗಿ ಪ್ಲೈವುಡ್ ಇರುತ್ತದೆ, ಹೊರಗೆ ಮಾತ್ರ ಫೈಬರ್. ಬೋಲ್ಟಿನ ತೂತುಗಳಿಂದ ನೀರು ಒಸರಿದರೆ ಒಳಗಿನ ಮರ ವರ್ಷಗಟ್ಟಲೆ ಸದ್ದಿಲ್ಲದೆ ಕೊಳೆಯುತ್ತದೆ. ಹೊರಗಿನ ಬಣ್ಣ ಫಳಫಳ ಹೊಳೆಯುತ್ತಲೇ ಇರುತ್ತದೆ. ಪ್ರೊಪೆಲ್ಲರಿನ ಪೂರ್ತಿ ತಳ್ಳುಬಲ ದೋಣಿಗೆ ತಲುಪುವುದು ಈ ಗೋಡೆಯ ಮೂಲಕವೇ. ಸಣ್ಣ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ನೋಡಬೇಕು. ಗಟ್ಟಿ ಮರ ಟಕ್ ಟಕ್ ಎನ್ನುತ್ತದೆ, ಕೊಳೆತದ್ದು ದಬ್ ದಬ್ ಎಂದು ಮಂದವಾಗಿ ಸದ್ದು ಮಾಡುತ್ತದೆ. ಸಂತೆಯಲ್ಲಿ ತೆಂಗಿನಕಾಯಿ ತಟ್ಟಿ ನೋಡುವ ವಿಜ್ಞಾನವೇ ಇದು.

ಎರಡು, ರಬ್ಬರ್ ಬೆಲ್ಲೋಸ್. ಯೂನಿವರ್ಸಲ್ ಜಾಯಿಂಟಿನ ಸುತ್ತ ಹಾರ್ಮೋನಿಯಂ ತಿದಿಯಂತೆ ನೆರಿಗೆಯುಳ್ಳ ಒಂದು ರಬ್ಬರ್ ಕೊಳವೆ ಇರುತ್ತದೆ. ನೀರು ಒಳಬರದಂತೆ ತಡೆಯುವುದು ಅದರ ಕೆಲಸ. ರಬ್ಬರ್ ಹಳತಾದಂತೆ ಗಡುಸಾಗಿ ನೆರಿಗೆಗಳಲ್ಲಿ ಬಿರಿಯುತ್ತದೆ. ಮೊದಲು ಬೇರಿಂಗ್ ತುಕ್ಕು ಹಿಡಿಯುತ್ತದೆ. ಬಿರುಕು ದೊಡ್ಡದಾದರೆ ದಡದಲ್ಲಿ ಕಟ್ಟಿಹಾಕಿದ ದೋಣಿಯೇ ರಾತ್ರಿ ಬೆಳಗಾಗುವುದರೊಳಗೆ ಮುಳುಗಬಹುದು. ಲಕ್ಷಗಟ್ಟಲೆ ಬೆಲೆಯ ಎಂಜಿನ್ನನ್ನು ಕಾಯುವುದು ಒಂದು ರಬ್ಬರ್ ತುಂಡು! ಕಾಲಿನೊಳಗಿನ ಗೇರ್ ಎಣ್ಣೆಯನ್ನೂ ನೋಡಬೇಕು. ಅದು ಹಾಲು ಬೆರೆಸಿದ ಚಹಾದಂತೆ ಮಸುಕಾಗಿದ್ದರೆ ನೀರು ಸೇರಿದೆ ಎಂದರ್ಥ.

ಮೂರು, ಸಂಕ್ಷಾರಣ. ಕಾಲಿನ ಕವಚ ಅಲ್ಯೂಮಿನಿಯಂ, ವೇಗದ ದೋಣಿಯ ಪ್ರೊಪೆಲ್ಲರ್ ಹೆಚ್ಚಾಗಿ ಸ್ಟೇನ್‌ಲೆಸ್ ಸ್ಟೀಲ್. ಎರಡು ಬೇರೆ ಲೋಹ, ಸುತ್ತ ನೀರು. ನಿಮ್ಮ ಪ್ರಯೋಗಾಲಯದ ವಿದ್ಯುತ್ಕೋಶ ನೆನಪಾಯಿತೇ? ಇಲ್ಲಿ ಕರಗುವ ಸರದಿ ಅಲ್ಯೂಮಿನಿಯಂನದು. ಅದನ್ನು ತಪ್ಪಿಸಲು ಇನ್ನೂ ಚುರುಕಾದ ಲೋಹದ ಬಿಲ್ಲೆಗಳನ್ನು ಕಾಲಿಗೆ ಜೋಡಿಸುತ್ತಾರೆ. ಅವು ತಾವು ಸವೆದು ಕಾಲನ್ನು ಉಳಿಸುತ್ತವೆ. ಸಮುದ್ರದ ಉಪ್ಪುನೀರಿಗೆ ಸತುವಿನ ಬಿಲ್ಲೆ, ಕೆರೆ-ಜಲಾಶಯಗಳ ಸಿಹಿನೀರಿಗೆ ಮೆಗ್ನೀಸಿಯಂ ಬಿಲ್ಲೆ. ಸಿಹಿನೀರಿನಲ್ಲಿ ವಿದ್ಯುತ್ ಹರಿಯುವುದು ಕಷ್ಟ, ಆದ್ದರಿಂದ ಅಲ್ಲಿ ಹೆಚ್ಚು ಚುರುಕಾದ ಲೋಹ ಬೇಕು. ಕಡಲ ದೋಣಿಯೊಂದನ್ನು ಜಲಾಶಯಕ್ಕೆ ತಂದಾಗ ಈ ಬಿಲ್ಲೆ ಬದಲಿಸಲು ಮರೆಯಬಾರದು.

ತೂಕ ಮತ್ತು ತೇಲುವಿಕೆ: ತೇಕ್ಕಡಿಯ ಪಾಠ

ತೇಕ್ಕಡಿಯ ಸರೋವರ ಹುಟ್ಟಿದ್ದು 1895ರಲ್ಲಿ ಮುಗಿದ ಮುಲ್ಲಪೆರಿಯಾರ್ ಅಣೆಕಟ್ಟಿನಿಂದ. ಕಟ್ಟಿಸಿದವರು ಎಂಜಿನಿಯರ್ ಜಾನ್ ಪೆನ್ನಿಕ್ವಿಕ್. ಪಶ್ಚಿಮಕ್ಕೆ ಹರಿಯುವ ನದಿಯ ನೀರನ್ನು ಬೆಟ್ಟದೊಳಗೆ ಸುರಂಗ ಕೊರೆದು ಪೂರ್ವಕ್ಕೆ ತಿರುಗಿಸಿದ ಕೆಲಸವದು. ಕಂಬಂ ಕಣಿವೆಯ ಗದ್ದೆಗಳು ಇವತ್ತಿಗೂ ಆ ನೀರನ್ನು ಕುಡಿಯುತ್ತವೆ.

ಅದೇ ಸರೋವರದಲ್ಲಿ 2009ರ ಸೆಪ್ಟೆಂಬರ್ 30ರಂದು 'ಜಲಕನ್ಯಕ' ಎಂಬ ಎರಡಂತಸ್ತಿನ ಪ್ರವಾಸಿ ದೋಣಿ ಮಗುಚಿ 45 ಜನ ತೀರಿಕೊಂಡರು. ದಡದಲ್ಲಿ ಪ್ರಾಣಿಗಳು ಕಂಡಾಗ ಜನ ಒಂದೇ ಬದಿಗೆ ಸರಿದರು ಎಂದು ಆಗ ವರದಿಯಾಗಿತ್ತು. ಅದು ವೇಗದ ದೋಣಿಯಲ್ಲ, ಸ್ಟರ್ನ್‌ಡ್ರೈವಿನ ಕತೆಯೂ ಅಲ್ಲ. ಆದರೂ ಯಾವುದೇ ದೋಣಿಯನ್ನು ಬದಲಿಸಹೊರಟವರು ಅದನ್ನು ನೆನಪಿಡಬೇಕು.

ಯಾಕೆಂದರೆ ದೋಣಿ ನೆಟ್ಟಗೆ ನಿಲ್ಲುವುದು ಎರಡು ಬಲಗಳ ಹೊಂದಾಣಿಕೆಯಿಂದ. ಗುರುತ್ವ ಕೇಂದ್ರದಲ್ಲಿ ತೂಕ ಕೆಳಗೆ ಎಳೆಯುತ್ತದೆ. ಮುಳುಗಿದ ಭಾಗದ ಮಧ್ಯದಲ್ಲಿ ಪ್ಲವನ ಬಲ ಮೇಲಕ್ಕೆ ತಳ್ಳುತ್ತದೆ. ದೋಣಿ ವಾಲಿದಾಗ ಮುಳುಗಿದ ಭಾಗದ ಆಕಾರ ಬದಲಾಗಿ ಪ್ಲವನ ಬಲ ವಾಲಿದ ಬದಿಗೆ ಸರಿಯುತ್ತದೆ, ದೋಣಿಯನ್ನು ಮತ್ತೆ ಎಬ್ಬಿಸುತ್ತದೆ. ತೂಕ ಅದಕ್ಕಿಂತ ಹೆಚ್ಚು ದೂರ ಸರಿದುಬಿಟ್ಟರೆ ಅದೇ ಬಲ ದೋಣಿಯನ್ನು ಮಗುಚುತ್ತದೆ. ತೂಕ ಎತ್ತರದಲ್ಲಿದ್ದಷ್ಟೂ ಅಪಾಯ ಹತ್ತಿರ.

ನಮ್ಮ ಮಾಲೀಕರ ದೋಣಿಗೆ ಬನ್ನಿ. ಸ್ಟರ್ನ್‌ಡ್ರೈವ್ ಎಂಜಿನ್ ಹಿಂದೆಯೇ ಕೂರುತ್ತದೆ. ಭಾರದ ಎಂಜಿನ್ ಬಂದರೆ ಹಿಂಬದಿ ನೀರಿಗೆ ಇನ್ನಷ್ಟು ಇಳಿಯುತ್ತದೆ, ಹಿಂದಿನಿಂದ ಬರುವ ಅಲೆ ಒಳನುಗ್ಗುವುದು ಸುಲಭವಾಗುತ್ತದೆ. ಹೆಚ್ಚಿದ ವೇಗದಲ್ಲಿ ಚಕ್ಕನೆ ತಿರುಗಿಸಿದರೆ ಮೊದಲಿಗಿಂತ ಜೋರಾಗಿ ವಾಲುತ್ತದೆ. ದೋಣಿ ಕಟ್ಟಿದವರು ಇಂತಿಷ್ಟು ಅಶ್ವಶಕ್ತಿ, ಇಂತಿಷ್ಟು ಜನ ಎಂದು ಮಿತಿ ಬರೆದಿದ್ದರೆ ಅದು ಬರೀ ಕಾಗದದ ಮಾತಲ್ಲ, ಈ ಲೆಕ್ಕದಿಂದ ಬಂದದ್ದು. ಹೊಸ ಕಾಲು ಹಾಕಿದ ಮಾತ್ರಕ್ಕೆ ಆ ಮಿತಿ ಏರುವುದಿಲ್ಲ. ಜೀವರಕ್ಷಕ ಜಾಕೆಟ್ಟು ಮೈಮೇಲೆ ಇರಬೇಕು, ಸೀಟಿನ ಕೆಳಗಲ್ಲ.

ಹಾಗಾದರೆ ಆರಿಸುವುದು ಹೇಗೆ?

ಮೊದಲು ಟ್ರಾನ್ಸಮ್ ನೋಡು. ಕೊಳೆತಿದ್ದರೆ ಉಳಿದದ್ದೆಲ್ಲ ಆಮೇಲೆ. ನಂತರ ದೋಣಿಯ ಮಿತಿಯೊಳಗೆ ಎಂಜಿನ್ ಆರಿಸು. ಎಂಜಿನ್ನಿನ ಟಾರ್ಕ್ ತಾಳುವ ಕಾಲು ಆರಿಸು. ಯಾವ ನೀರು, ಎಷ್ಟು ಎತ್ತರ, ಎಷ್ಟು ಭಾರ ಎಂಬುದನ್ನು ನೋಡಿ ಗೇರ್ ಅನುಪಾತ ಆರಿಸು. ಕೊನೆಗೆ ಪ್ರೊಪೆಲ್ಲರ್ ಆರಿಸಿ, ಓಡಿಸಿ ನೋಡಿ, ಎಂಜಿನ್ ತನ್ನ ಸರಿಯಾದ ಸುತ್ತು ತಲುಪುತ್ತಿದೆಯೇ ಎಂದು ಅಳೆ.

ಈ ಪಟ್ಟಿ ಮುಗಿಸಿದ ಮೇಲೆ ಎಷ್ಟೋ ಸಲ ಸಿಗುವ ಉತ್ತರ ಬೇರೆಯೇ. ಹಳೆಯ ಎಂಜಿನ್ ಇರಲಿ, ಬೆಲ್ಲೋಸ್, ಬೇರಿಂಗ್, ಎಣ್ಣೆ ಬದಲಿಸಿ, ಸರಿಯಾದ ಪ್ರೊಪೆಲ್ಲರ್ ಹಾಕಿದರೆ ಸಾಕು. ಇಲ್ಲವೇ, ಟ್ರಾನ್ಸಮ್ ಹೇಗೂ ಹೊಸದಾಗಿ ಕಟ್ಟಬೇಕಾದರೆ ಔಟ್‌ಬೋರ್ಡಿಗೇ ಹೋಗುವುದು ಸುಲಭ. ವೇಗವೇ ಬೇಕಿಲ್ಲದ ಕಡೆ ಇನ್ನೂ ಬೇರೆ ದಾರಿಗಳಿವೆ. ಕೇರಳದ ವೈಕಂನಲ್ಲಿ 2017ರಿಂದ 'ಆದಿತ್ಯ' ಎಂಬ 75 ಜನರ ಸೌರ ದೋಣಿ ಓಡುತ್ತಿದೆ. ದಿಂಡಿಗಲ್ ಜಿಲ್ಲೆಯ ಕೊಡೈಕೆನಾಲ್ ಕೆರೆಯಲ್ಲಿ ತುಳಿಯುವ ದೋಣಿ, ಹುಟ್ಟು ಹಾಕುವ ದೋಣಿಗಳೇ ಜನರಿಗೆ ಖುಷಿ ಕೊಡುತ್ತಿವೆ. ಅಲ್ಲಿ ಎಂಜಿನ್ ನಮ್ಮ ಕಾಲು, ಇಂಧನ ಬೆಳಗಿನ ತಿಂಡಿ!

ಮಾಡಿ ನೋಡಿ

1. ಸೈಕಲನ್ನು ತಲೆಕೆಳಗಾಗಿ ನಿಲ್ಲಿಸಿ. ಹಿಂದಿನ ಚಕ್ರಕ್ಕೆ ಒಂದು ಸೀಮೆಸುಣ್ಣದ ಗುರುತು ಹಾಕಿ. ಪೆಡಲನ್ನು ಒಂದು ಪೂರ್ತಿ ಸುತ್ತು ತಿರುಗಿಸಿದಾಗ ಚಕ್ರ ಎಷ್ಟು ಸುತ್ತು ತಿರುಗಿತು? ಈಗ ಎರಡೂ ಹಲ್ಲುಚಕ್ರಗಳ ಹಲ್ಲು ಎಣಿಸಿ ಭಾಗಿಸಿ. ಎರಡು ಉತ್ತರಗಳೂ ಹೊಂದುತ್ತವೆಯೇ? ಸ್ಟರ್ನ್‌ಡ್ರೈವಿಗೂ ಸೈಕಲಿಗೂ ಇಲ್ಲಿರುವ ದೊಡ್ಡ ವ್ಯತ್ಯಾಸ ಏನು?

2. ಬಡಗಿಗಳ ಹಳೆಯ ಕೈ ಡ್ರಿಲ್ ಸಿಕ್ಕಿದರೆ ನೋಡಿ. ಹಿಡಿಕೆ ಒಂದು ದಿಕ್ಕಿಗೆ, ಬೈರಿಗೆ ಇನ್ನೊಂದು ದಿಕ್ಕಿಗೆ ತಿರುಗುತ್ತದೆ. ಬೆವೆಲ್ ಗೇರ್ ಕಣ್ಣೆದುರೇ ಇದೆ.

3. ಚಪ್ಪಟೆ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಬಕೆಟ್ ನೀರಿನಲ್ಲಿ ತೇಲಿಬಿಡಿ. ಐದು ನಾಣ್ಯಗಳನ್ನು ಮೊದಲು ತಳದ ಮಧ್ಯದಲ್ಲಿ ಇಡಿ, ಆಮೇಲೆ ಒಂದು ಬದಿಗೆ ಸರಿಸಿ. ನಂತರ ಅವನ್ನು ಬೆಂಕಿಪೊಟ್ಟಣದ ಮೇಲೆ ಎತ್ತರದಲ್ಲಿಟ್ಟು ಮತ್ತೆ ಸರಿಸಿ. ಯಾವಾಗ ಬೇಗ ಮಗುಚಿತು? ಯಾಕೆ?

4. ಲೆಕ್ಕ: ನಮ್ಮ ಮಾಲೀಕರು 1.5ರ ಬದಲು 1.36 ಅನುಪಾತದ ಕಾಲು ತಂದರು. ಎಂಜಿನ್ 4800 ಸುತ್ತು, ಸ್ಲಿಪ್ ಶೇ. 14. ಗಂಟೆಗೆ 95 ಕಿಲೋಮೀಟರ್ ಓಡಲು ಎಷ್ಟು ಇಂಚಿನ ಪಿಚ್ ಬೇಕು? ಉತ್ತರ 20 ಮತ್ತು 21ರ ನಡುವೆ ಬಂದರೆ ನಿಮ್ಮ ಲೆಕ್ಕ ಸರಿ.